ಹೊಲಿಗೆ ಬಿಚ್ಚದೆ ಓದುವ ವಿದ್ಯೆ

ಫ್ಲಾರೆನ್ಸಿನ ಉಫೀಜಿ ಗ್ಯಾಲರಿಯಲ್ಲಿ ಬ್ರೊಂಜಿನೊ 1545ರ ಸುಮಾರಿಗೆ ಬರೆದ ಚಿತ್ರವೊಂದಿದೆ. ಮೆಡಿಚಿ ಮನೆತನದ ದೊರೆ ಒಂದನೇ ಕೊಸಿಮೊನ ಹೆಂಡತಿ ಎಲಿಯನೋರಾ ಕೂತಿದ್ದಾಳೆ, ಪಕ್ಕದಲ್ಲಿ ಪುಟ್ಟ ಮಗ. ತಾಯಿ–ಮಗನ ಮುಖ ನೋಡುವುದು ಆಮೇಲೆ; ಕಣ್ಣು ಮೊದಲು ಹೋಗುವುದೇ ಉಡುಪಿನ ಮೇಲೆ. ಬಿಳಿ ರೇಷ್ಮೆಯ ಮೇಲೆ ಕಪ್ಪು ಮಖಮಲ್ಲಿನ ಬಳ್ಳಿ, ಎದೆಯ ನಡುವೆ ಚಿನ್ನದೆಳೆಯ ದೊಡ್ಡ ದಾಳಿಂಬೆ. 1562ರಲ್ಲಿ ಆಕೆ ಮಲೇರಿಯಾದಿಂದ ತೀರಿಕೊಂಡಾಗ ಇದೇ ಉಡುಪು ತೊಡಿಸಿ ಮಣ್ಣು ಮಾಡಿದರು ಎಂಬ ಮಾತು ಬಹುಕಾಲ ಚಾಲ್ತಿಯಲ್ಲಿತ್ತು. ಸಮಾಧಿಯಿಂದ ತೆಗೆದ ಬಟ್ಟೆಯನ್ನು ಬಲ್ಲವರು ನಿಧಾನವಾಗಿ ಬಿಡಿಸಿ ನೋಡಿದಾಗ ಸಿಕ್ಕಿದ್ದು ಬೇರೆಯದೇ. ಸಾದಾ ಸ್ಯಾಟಿನ್ನಿನ, ಮಖಮಲ್ಲಿನ ಪಟ್ಟಿ ಕೊಟ್ಟ ಒಂದು ಗೌನು. ಅದರೊಳಗೆ ಕೆಂಪು ಮಖಮಲ್ಲಿನ ಬಿಗಿಯಾದ ರವಿಕೆ, ಮುಂದುಗಡೆ ಹುಕ್ಕು.

ಆ ಒಳ ರವಿಕೆಯನ್ನು ಯಾವ ಚಿತ್ರಕಾರನೂ ಬರೆದಿರಲಿಲ್ಲ, ಬರೆಯುವ ಕಾರಣವೂ ಇರಲಿಲ್ಲ. ಆದರೆ ಮೇಲಿನ ಗೌನು ಅಷ್ಟು ನೆಟ್ಟಗೆ, ಒಂದು ಸುಕ್ಕೂ ಇಲ್ಲದೆ ಮೈಗೆ ಹೇಗೆ ಕೂರುತ್ತದೆ ಎಂಬ ಪ್ರಶ್ನೆಗೆ ಉತ್ತರ ಒಳಗಿನ ಪದರಗಳಲ್ಲಿ ಇರುತ್ತದೆ. ಚಿತ್ರ ನೋಡಿಕೊಂಡು ಅಂಥ ಗೌನು ಹೊಲಿಯಲು ಕೂತವರು ಎಷ್ಟು ಜಾಣರಾಗಿದ್ದರೂ ಇಲ್ಲಿ ಎಡವುತ್ತಾರೆ. ಎದೆ ಎತ್ತಿ ನಿಲ್ಲಿಸಲು ಇವತ್ತಿನ ಬ್ಲೌಸಿನ ಡಾರ್ಟು ಹಾಕುತ್ತಾರೆ, ಬೆನ್ನಿಗೆ ಜಿಪ್ಪು ಇಡುತ್ತಾರೆ. ದೂರದಿಂದ ನೋಡಿದರೆ ಹದಿನಾರನೇ ಶತಮಾನ, ಹತ್ತಿರ ಹೋದರೆ ಮದುವೆ ಆರತಕ್ಷತೆ.

ಎಲಿಯನೋರಾಳ ಗೌನಿನ ಕಟಿಂಗ್ ನಕ್ಷೆ ಇವತ್ತು ಯಾರು ಬೇಕಾದರೂ ನೋಡಬಹುದಾದ ಪುಸ್ತಕದಲ್ಲಿದೆ. ಅದನ್ನು ಅಳೆದು ಬರೆದವರು ಇಂಗ್ಲೆಂಡಿನ ಜಾನೆಟ್ ಆರ್ನಾಲ್ಡ್ (1932–1998). ‘ಪ್ಯಾಟರ್ನ್ಸ್ ಆಫ್ ಫ್ಯಾಷನ್’ ಎಂಬ ಅವರ ಪುಸ್ತಕ ಮಾಲೆಯ ಮೊದಲೆರಡು ಸಂಪುಟ ಬಂದದ್ದು 1964 ಮತ್ತು 1966ರಲ್ಲಿ. ಫ್ಲಾರೆನ್ಸಿನ ಗೌನು ಇರುವ ಮೂರನೆಯದು 1985ರಲ್ಲಿ. ನಾಲ್ಕನೆಯ ಸಂಪುಟ ಅವರ ಕೈಯಲ್ಲಿ ಮುಗಿಯಲಿಲ್ಲ. ಒಡನಾಡಿಗಳು ಅದನ್ನು ಪೂರ್ತಿ ಮಾಡಿ 2008ರಲ್ಲಿ ಹೊರತಂದರು, 2018ರಲ್ಲಿ ಐದನೆಯದೂ ಬಂತು. ಐತಿಹಾಸಿಕ ಉಡುಪು ಹೊಲಿಯುವವರ ಮೇಜಿನ ಮೇಲೆ ಈ ಪುಸ್ತಕಗಳು ಕತ್ತರಿಯಷ್ಟೇ ಸಹಜವಾಗಿ ಬಿದ್ದಿರುತ್ತವೆ.

ಈ ಪುಸ್ತಕದ ಒಂದು ಪುಟ ಹೇಗಿರುತ್ತದೆ ಎಂದು ಹೇಳಬೇಕು, ಏಕೆಂದರೆ ಇದರ ಗುಟ್ಟೆಲ್ಲ ಪುಟದ ವಿನ್ಯಾಸದಲ್ಲೇ ಇದೆ. ಪುಟದ ತುಂಬ ಚೌಕದ ಗೆರೆಗಳು. ಪುಟದ ಮೇಲಿನ ಎಂಟನೇ ಒಂದು ಅಂಗುಲ ನಿಜವಾದ ಬಟ್ಟೆಯ ಒಂದು ಅಂಗುಲಕ್ಕೆ ಸಮ. ಆ ಚೌಕಗಳ ಮೇಲೆ ಬೆನ್ನು, ಎದೆ, ತೋಳು, ಲಂಗದ ತುಂಡುಗಳು ಹರಡಿಕೊಂಡಿವೆ. ಸುತ್ತಲೂ ಕೈಬರಹದಲ್ಲಿ ಟಿಪ್ಪಣಿಗಳು. ಇಲ್ಲಿ ತುಂಡು ಜೋಡಿಸಿದ್ದಾರೆ, ಇಲ್ಲಿ ಅಸ್ತರು ಬೇರೆ ಬಟ್ಟೆಯದು, ಇಲ್ಲಿ ಹೊಲಿಗೆ ಬಿಚ್ಚಿ ಮತ್ತೆ ಹಾಕಿದ ಗುರುತಿದೆ, ಈ ಭಾಗ ಕೊಳೆತುಹೋಗಿದ್ದು ಗೆರೆ ಅಂದಾಜಿನದು. ಮ್ಯೂಸಿಯಂನ ಉಡುಪನ್ನು ಬಿಚ್ಚಿ ಹರಡುವಂತಿಲ್ಲ. ಹಾಸು–ಹೊಕ್ಕಿನ ಎಳೆ ಯಾವ ಕಡೆ ಓಡುತ್ತಿದೆ ಎಂದು ಹಿಡಿದುಕೊಂಡು, ಹೊಲಿಗೆಯಿಂದ ಹೊಲಿಗೆಗೆ ಅಳೆಯುತ್ತ, ಮೂರು ಆಯಾಮದ ವಸ್ತುವನ್ನು ಕಾಗದದ ಮೇಲೆ ಚಪ್ಪಟೆ ಮಾಡಬೇಕು. ಭೂಮಾಪನದವರಿಗೆ ಇರುವಷ್ಟೇ ತಾಳ್ಮೆ ಬೇಕಾದ ಕೆಲಸ.

ನನಗೆ ಈ ಪುಟಗಳಲ್ಲಿ ಹೆಚ್ಚು ಇಷ್ಟವಾಗುವುದು ‘ಅಂದಾಜು’ ಎಂಬ ಆ ಒಪ್ಪಿಗೆ. ಕಂಡದ್ದು ಎಲ್ಲಿ ಮುಗಿಯಿತು, ಊಹೆ ಎಲ್ಲಿ ಶುರುವಾಯಿತು ಎಂಬ ಗಡಿ ಅಲ್ಲಿ ಸ್ಪಷ್ಟ. ಅದನ್ನು ನೋಡಿ ಹೊಲಿದವರು ತಮ್ಮ ಊಹೆ ಬೇರೆ ಎನಿಸಿದರೆ ಬೇರೆ ಮಾಡಬಹುದು, ಯಾಕೆ ಬೇರೆ ಮಾಡಿದೆ ಎಂದು ಜಗಳವನ್ನೂ ಆಡಬಹುದು. ಕೈಪಿಡಿಗೂ ಬಣ್ಣದ ಚಿತ್ರಗಳ ಕಾಫಿ ಟೇಬಲ್ ಪುಸ್ತಕಕ್ಕೂ ಇರುವ ವ್ಯತ್ಯಾಸವನ್ನು ಅಳೆಯಲು ನನ್ನ ಬಳಿ ಇದಕ್ಕಿಂತ ಒಳ್ಳೆಯ ಮಾನದಂಡ ಇಲ್ಲ.

ಆರ್ನಾಲ್ಡ್ ಒಬ್ಬರೇ ಹುಟ್ಟುಹಾಕಿದ ದಾರಿಯಲ್ಲ ಇದು. ಲಂಡನ್ನಿನಲ್ಲಿ ಪಾಠ ಹೇಳುತ್ತಿದ್ದ ನೋರಾ ವಾ 1954ರಲ್ಲೇ ಬಿಗಿಗವಚಗಳ ಮತ್ತು ಬುಟ್ಟಿಲಂಗಗಳ ಕಟಿಂಗ್ ಕುರಿತು ಪುಸ್ತಕ ತಂದರು, ಅರವತ್ತರ ದಶಕದಲ್ಲಿ ಗಂಡಸರ ಉಡುಪಿಗೊಂದು, ಹೆಂಗಸರ ಉಡುಪಿಗೊಂದು. ಅದೇ ದಶಕದಲ್ಲಿ ಹಾಲಿವುಡ್ ಏನು ಮಾಡುತ್ತಿತ್ತು ಎಂದು ನೋಡಬೇಕಾದರೆ 1963ರ ‘ಕ್ಲಿಯೋಪಾತ್ರ’ ಸಾಕು. ಎಲಿಜಬೆತ್ ಟೇಲರ್ ತೊಟ್ಟ ಉಡುಪುಗಳಲ್ಲಿ ಈಜಿಪ್ಟಿಗಿಂತ ಅರವತ್ತರ ದಶಕವೇ ಜಾಸ್ತಿ.

ಹಳೆಯ ಕಾಲದವರೇ ಬರೆದಿಟ್ಟ ಕೈಪಿಡಿಗಳು ಇಲ್ಲವೇ ಎಂದು ಕೇಳಬಹುದು. ಇವೆ. 1580ರಲ್ಲಿ ಮ್ಯಾಡ್ರಿಡ್‌ನಲ್ಲಿ ಹುವಾನ್ ದೆ ಅಲ್ಸೆಗಾ ಎಂಬ ದರ್ಜಿ ಕಟಿಂಗ್ ಪುಸ್ತಕವೊಂದನ್ನು ಅಚ್ಚು ಹಾಕಿಸಿದ. ಮಡಿಸಿದ ಬಟ್ಟೆಯ ಮೇಲೆ ಯಾವ ತುಂಡು ಎಲ್ಲಿ ಕೂರಿಸಿದರೆ ಬಟ್ಟೆ ಉಳಿಯುತ್ತದೆ, ಇಷ್ಟು ಪನ್ನದ ರೇಷ್ಮೆಗೆ ಎಷ್ಟು ‘ಬಾರಾ’ ಬೇಕು ಎಂದು ಚಿತ್ರ ಸಹಿತ ಲೆಕ್ಕ ಕೊಟ್ಟಿದ್ದಾನೆ. ಬಾರಾ ಅಂದರೆ ಅವರ ಗಜ, ನಮ್ಮ ಮೀಟರಿಗಿಂತ ಸ್ವಲ್ಪ ಕಡಿಮೆ. ಆದರೆ ಕತ್ತರಿಸಿದ ಮೇಲೆ ಹೇಗೆ ಹೊಲಿಯಬೇಕು ಎಂಬ ಬಗ್ಗೆ ಅವನದು ಮೌನ. ಅಜ್ಜಿ ಅಡುಗೆ ಹೇಳಿಕೊಡುವಾಗ ‘ಉಪ್ಪು ಹದಕ್ಕೆ ಹಾಕು’ ಅಂದಂತೆಯೇ ಇದು. ಅಷ್ಟು ಹೊತ್ತಿಗೆ ಅವನ ಓದುಗ ವರ್ಷಗಟ್ಟಲೆ ಒಬ್ಬ ಗುರುವಿನ ಕೈಕೆಳಗೆ ಕಾಲು ಮಡಚಿ ಕೂತು ಹೊಲಿದವನೇ. ಅವನಿಗೆ ಸೂಜಿ ಹಿಡಿಯುವುದನ್ನು ಹೇಳಿಕೊಟ್ಟರೆ ಬೈದಂತೆ. 1769ರಲ್ಲಿ ಫ್ರಾನ್ಸಿನ ಗಾರ್ಸೋ ದರ್ಜಿಗಳ ಕಸುಬಿನ ಬಗ್ಗೆ ಬರೆದಾಗ ಸ್ಥಿತಿ ಸ್ವಲ್ಪ ಬದಲಾಗಿತ್ತು. ಅವನ ಓದುಗ ವಿಜ್ಞಾನ ಅಕಾಡೆಮಿಯ ಪಂಡಿತ, ಕಸುಬಿನ ಹೊರಗಿನವನು. ಹಾಗಾಗಿ ಅವನು ಹೆಚ್ಚು ವಿವರಿಸುತ್ತಾನೆ.

ಎಲ್ಲರಿಗೂ ಗೊತ್ತಿದ್ದ ಕಾರಣಕ್ಕೇ ಯಾರೂ ಬರೆದಿಡದೆ ಹೋದದ್ದು ಮೊದಲು ಕಳೆದುಹೋಗುತ್ತದೆ. ಇಂದಿನ ಕೈಪಿಡಿ ತುಂಬುವುದು ಆ ಕಂದಕವನ್ನೇ. ಕಾಲರಿನ ಒಳಗೆ ಕ್ಯಾನ್ವಾಸನ್ನು ಎಷ್ಟು ಪದರ ಇಟ್ಟು ಕಚ್ಚಾ ಹಾಕಿದ್ದರು, ಕಾಜಾಕ್ಕೆ ಯಾವ ದಾರ, ಹೊಲಿಗೆಯ ಅಂಚನ್ನು ಹೇಗೆ ಮಡಚುತ್ತಿದ್ದರು ಎಂಬುದನ್ನೆಲ್ಲ ಅದು ಉಳಿದ ಉಡುಪಿನಿಂದ ಓದಿ ತೆಗೆಯುತ್ತದೆ.

ಓದಿ ತೆಗೆದದ್ದರಲ್ಲಿ ಹೊಸಬರಿಗೆ ಅತಿ ಹೆಚ್ಚು ಆಶ್ಚರ್ಯ ತರುವುದು ತೇಪೆಗಳು. ರಾಜಮನೆತನದ ಉಡುಪಿನಲ್ಲಿ ಕಂಕುಳ ಕೆಳಗೆ, ಲಂಗದ ಅಂಚಿಗೆ, ತೋಳಿನ ಒಳಬದಿಗೆ ಬೆರಳಗಲದ ತುಂಡುಗಳನ್ನು ಜೋಡಿಸಿರುತ್ತಾರೆ. ನಮಗೆ ಅದು ಬಡತನದ ಗುರುತು. ಅವರಿಗೆ ಹಾಗಲ್ಲ. ಆಗಿನ ರೇಷ್ಮೆಯ ಪನ್ನ ಇಪ್ಪತ್ತು–ಇಪ್ಪತ್ತನಾಲ್ಕು ಅಂಗುಲದ ಆಸುಪಾಸು. ಅಗಲವಾದ ಲಂಗಕ್ಕೆ ಒಂದೇ ತುಂಡು ಸಾಲುವುದಿಲ್ಲ. ಬಟ್ಟೆಯ ಬೆಲೆ ಮುಗಿಲು ಮುಟ್ಟಿದ್ದರೆ ಹೊಲಿಗೆಯ ಕೂಲಿ ಅದರ ಮುಂದೆ ಪುಡಿಗಾಸು. ಹಾಗಾಗಿ ಕತ್ತರಿಸುವಾಗ ಉಳಿದ ಚೂರನ್ನೂ ಬಿಡದೆ ಕೂರಿಸುತ್ತಿದ್ದರು. ಇವತ್ತು ಈ ಲೆಕ್ಕ ತಲೆಕೆಳಗಾಗಿದೆ. ನಲವತ್ತೈದು, ಅರವತ್ತು ಅಂಗುಲ ಪನ್ನದ ಬಟ್ಟೆ ಮೀಟರುಗಟ್ಟಲೆ ಸಿಗುತ್ತದೆ, ಟೈಲರ್ ಕೂಲಿ ಕೇಳಿದರೆ ಎದೆ ಝಲ್ ಎನ್ನುತ್ತದೆ. ಅಗಲ ಬಟ್ಟೆಯಲ್ಲಿ ಜೋಡಣೆಯೇ ಇಲ್ಲದೆ ಕತ್ತರಿಸಿದ ‘ಐತಿಹಾಸಿಕ’ ಗೌನು ನೋಡಲು ಏನೋ ಬೋಳಾಗಿ, ಸುಳ್ಳಾಗಿ ಕಾಣುವುದು ಇದೇ ಕಾರಣಕ್ಕೆ. ಎಲ್ಲಿ ತಪ್ಪಿದೆ ಎಂದು ಬೆರಳಿಟ್ಟು ತೋರಿಸಲು ನೋಡುವವರಿಗೆ ಬರುವುದಿಲ್ಲ, ತಪ್ಪಿದೆ ಎಂದು ಮಾತ್ರ ತಿಳಿಯುತ್ತದೆ.

ಮಗ್ಗದ ಅಗಲವೇ ಉಡುಪಿನ ಆಕಾರವನ್ನು ತೀರ್ಮಾನಿಸುತ್ತದೆ ಎಂಬ ಈ ಮಾತನ್ನು ಪೂರ್ತಿ ಪುಸ್ತಕವಾಗಿ ವಾದಿಸಿದವರು ಟೊರಾಂಟೊದ ರಾಯಲ್ ಒಂಟಾರಿಯೊ ಮ್ಯೂಸಿಯಂನ ಡೊರೊತಿ ಬರ್ನ್‌ಹ್ಯಾಮ್. 1973ರಲ್ಲಿ ಬಂದ ‘ಕಟ್ ಮೈ ಕೋಟ್’ ತೆಳ್ಳನೆಯ ಪುಸ್ತಕ. ಅಂಗಿ, ನಿಲುವಂಗಿಗಳ ಕಟಿಂಗ್ ನಕ್ಷೆಗಳ ಜತೆ ಬಟ್ಟೆಯ ಅಗಲವನ್ನೂ ತೋರಿಸುತ್ತದೆ. ಗುಳೇದಗುಡ್ಡದ ಖಣ ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಸಣ್ಣ ಪನ್ನದ ಆ ಬಟ್ಟೆಯ ಒಂದು ತುಂಡಿಗೆ ಒಂದು ಕುಪ್ಪಸ, ಅಂಚು ತೋಳಿಗೆ. ಖಣದ ಅಳತೆ ಮರೆತು ಕುಪ್ಪಸ ಕತ್ತರಿಸಿದರೆ ಅಂಚು ಎಲ್ಲೋ, ತೋಳು ಎಲ್ಲೋ.

ಇದುವರೆಗೆ ಹೇಳಿದ್ದೆಲ್ಲ ದೊಡ್ಡ ಮನೆಯವರ ಬಟ್ಟೆ. ಉಳಿಯುವುದೂ ಅದೇ. ಕೂಲಿಯವನ ಅಂಗಿ ಹರಿಯುವ ತನಕ ಮೈಮೇಲೆ, ಹರಿದ ಮೇಲೆ ಮಗುವಿಗೆ, ಕಡೆಗೆ ಒರೆಸುವ ಬಟ್ಟೆ. ಆದರೂ ಕೆಲವು ಜಾಗಗಳಲ್ಲಿ ಮಣ್ಣು, ನೀರು ಕರುಣೆ ತೋರಿವೆ. ಗ್ರೀನ್‌ಲ್ಯಾಂಡಿನ ಹೆರ್ಯೊಲ್ಫ್ಸ್‌ನೆಸ್ ಎಂಬಲ್ಲಿ 1921ರಲ್ಲಿ ಡೆನ್ಮಾರ್ಕಿನ ಪೌಲ್ ನೋರ್ಲುಂಡ್ ಚರ್ಚಿನ ಸ್ಮಶಾನ ಅಗೆದಾಗ ಹೆಪ್ಪುಗಟ್ಟಿದ ನೆಲದಲ್ಲಿ ಉಣ್ಣೆಯ ನಿಲುವಂಗಿಗಳು, ತಲೆ–ಭುಜ ಮುಚ್ಚುವ ಕುಲಾವಿಗಳು, ಟೋಪಿಗಳು ಸಿಕ್ಕವು. ಅಲ್ಲಿನ ನಾರ್ಸ್ ಜನ ಸತ್ತವರಿಗೆ ಬಟ್ಟೆಯನ್ನೇ ಸುತ್ತಿ ಹೂಳಿದ್ದರು. ಕೋಪನ್‌ಹೇಗನ್‌ನ ರಾಷ್ಟ್ರೀಯ ಮ್ಯೂಸಿಯಂನಲ್ಲಿರುವ ಆ ಬಟ್ಟೆಗಳ ನಕ್ಷೆಗಳನ್ನು 2011ರಲ್ಲಿ ಹೊಲಿಯುವವರಿಗೆಂದೇ ಬರೆದ ಪುಸ್ತಕವೊಂದು ಕೊಟ್ಟಿತು. ಮಣ್ಣಿನಲ್ಲಿ ಕಂದು ಬಣ್ಣಕ್ಕೆ ತಿರುಗಿದ ಆ ನಿಲುವಂಗಿಗಳ ಪಕ್ಕಗಳಲ್ಲಿ ಉದ್ದುದ್ದ ತ್ರಿಕೋನದ ಕಳಿಗಳು ಒಂದರ ಪಕ್ಕ ಒಂದು. ನಡೆಯುವಾಗ ಅಂಚು ತೆರೆದುಕೊಳ್ಳುತ್ತದೆ, ಸೊಂಟದ ಬಳಿ ಮೈಗಂಟುತ್ತದೆ. ನಮ್ಮ ಕಳೀದಾರ್ ಕುರ್ತಾದ ಲೆಕ್ಕಾಚಾರವೇ.

ಇಂಗ್ಲೆಂಡಿನ ‘ಮೇರಿ ರೋಸ್’ ಹಡಗು 1545ರಲ್ಲಿ ಮುಳುಗಿತು, 1982ರಲ್ಲಿ ಮೇಲೆ ಬಂತು. ನಾವಿಕರ ಚರ್ಮದ ಮೇಲಂಗಿ, ಚಪ್ಪಲಿ–ಬೂಟು, ಉಣ್ಣೆಯ ಚೂರುಗಳು ಕೆಸರಿನಲ್ಲಿ ಉಳಿದಿದ್ದವು. ನಾರಗಸೆಯ ಲಿನನ್ ಮಾತ್ರ ಕೊಳೆತು ಹೋಗಿತ್ತು. ಅಂದರೆ ಚರ್ಮ ಇದೆ, ಹೊಲಿಗೆಯ ತೂತುಗಳಿವೆ, ದಾರ ಇಲ್ಲ. ಆ ತೂತುಗಳ ಅಂತರ, ಓರೆ, ಜಗ್ಗಿದ ಗುರುತು ಇವಿಷ್ಟರಿಂದಲೇ ಹೊಲಿಗೆ ಯಾವುದಿತ್ತು ಎಂದು ಹೇಳಬೇಕು.

ಇಂಥ ಚೂರುಗಳನ್ನು ಉಯಿಲು, ದಾಸ್ತಾನು ಪಟ್ಟಿ, ಚಿತ್ರಗಳ ಜತೆ ಹೊಂದಿಸಿ ಸಾಮಾನ್ಯ ಓದುಗ ಹೊಲಿಯಬಹುದಾದ ರೂಪಕ್ಕೆ ತಂದವರು ನಿನ್ಯಾ ಮಿಖೈಲಾ ಮತ್ತು ಜೇನ್ ಮ್ಯಾಲ್ಕಮ್–ಡೇವಿಸ್. ಅವರ ‘ದ ಟ್ಯೂಡರ್ ಟೈಲರ್’ ಬಂದದ್ದು 2006ರಲ್ಲಿ. ಆರ್ನಾಲ್ಡ್ ಪುಸ್ತಕ ಒಬ್ಬ ನಿರ್ದಿಷ್ಟ ವ್ಯಕ್ತಿಯ ನಿರ್ದಿಷ್ಟ ಉಡುಪಿನ ದಾಖಲೆ. ಆ ವ್ಯಕ್ತಿಯ ಮೈಕಟ್ಟು ನಿಮ್ಮದಲ್ಲ. ‘ಟ್ಯೂಡರ್ ಟೈಲರ್’ ಆ ನಕ್ಷೆಯನ್ನು ಬೇರೆ ಬೇರೆ ಅಳತೆಗೆ ಹೇಗೆ ಒಗ್ಗಿಸಬೇಕು, ಯಾವ ಉಡುಪಿನ ಮೇಲೆ ಯಾವುದು, ರೈತನಿಗೆ ಏನು, ವ್ಯಾಪಾರಿಯ ಹೆಂಡತಿಗೆ ಏನು ಎಂದು ಹೇಳುತ್ತದೆ. ಮೊದಲನೆಯದು ಪುರಾವೆ, ಎರಡನೆಯದು ಪಾಠ. ಎರಡೂ ಬೇಕು, ಆದರೆ ಪಾಠವನ್ನೇ ಪುರಾವೆ ಅಂದುಕೊಂಡರೆ ಕಷ್ಟ. ಹೀಗೆ ಅಂದುಕೊಳ್ಳುವವರು ತುಂಬಾ ಇದ್ದಾರೆ. ಪುಸ್ತಕದಲ್ಲಿ ಒಂದು ಗೌನಿನ ನಕ್ಷೆ ಬಂತೆಂದರೆ ಅದೇ ಗೌನು ನೂರು ಮೈಗಳ ಮೇಲೆ ಏರುತ್ತದೆ. ದೈವಯೋಗದಿಂದ ಉಳಿದ ಒಂದೇ ಒಂದು ಉಡುಪು ಇಡೀ ಶತಮಾನದ ಸಮವಸ್ತ್ರವಾಗಿಬಿಡುತ್ತದೆ. ತಪ್ಪು ಪುಸ್ತಕದ್ದಲ್ಲ, ಅಂಚಿನ ಟಿಪ್ಪಣಿಗಳನ್ನು ಓದದೆ ನಕ್ಷೆ ಮಾತ್ರ ಕಾಪಿ ಮಾಡುವ ಅವಸರದ್ದು.

ಹೀಗೆ ಹೊಲಿದ ಉಡುಪಿನಿಂದ ನಟರಿಗೆ ಏನಾಗುತ್ತದೆ ಎಂಬುದನ್ನು ಲಂಡನ್ನಿನ ಷೇಕ್ಸ್‌ಪಿಯರ್ಸ್ ಗ್ಲೋಬ್ ರಂಗಮಂದಿರ ತೋರಿಸಿಕೊಟ್ಟಿತು. 1997ರಲ್ಲಿ ಶುರುವಾದ ಆ ಗ್ಲೋಬಿನಲ್ಲಿ ಜೆನಿ ತಿರಮಾನಿ ಕೆಲವು ನಾಟಕಗಳಿಗೆ ಜಿಪ್ಪಿಲ್ಲದ, ಎಲಾಸ್ಟಿಕ್ಕಿಲ್ಲದ, ಲಿನನ್ನು–ಉಣ್ಣೆ–ರೇಷ್ಮೆಯಲ್ಲೇ ಕೈಯಿಂದ ಹೊಲಿದ ಉಡುಪು ಮಾಡಿಸಿದರು. 1602ರಲ್ಲಿ ಮಿಡ್ಲ್ ಟೆಂಪಲ್ ಹಾಲ್‌ನಲ್ಲಿ ನಡೆದಿದ್ದ ‘ಟ್ವೆಲ್ಫ್ತ್ ನೈಟ್’ ಪ್ರಯೋಗಕ್ಕೆ ನಾನೂರು ವರ್ಷವಾದಾಗ, 2002ರಲ್ಲಿ, ಅದೇ ಹಾಲ್‌ನಲ್ಲಿ ಈ ಉಡುಪುಗಳಲ್ಲಿ ನಾಟಕ ಆಡಿದರು. ಒಲಿವಿಯಾ ಪಾತ್ರ ಮಾರ್ಕ್ ರೈಲನ್ಸ್ ಅವರದು. ನಾಟಕ ಮುಂದೆ ನ್ಯೂಯಾರ್ಕಿಗೂ ಹೋಗಿ 2014ರಲ್ಲಿ ತಿರಮಾನಿ ಅವರಿಗೆ ವಸ್ತ್ರವಿನ್ಯಾಸದ ಟೋನಿ ಪ್ರಶಸ್ತಿ ತಂದುಕೊಟ್ಟಿತು. ಅಲ್ಲಿ ಪ್ರೇಕ್ಷಕರು ಬಂದು ಕೂರುವ ಹೊತ್ತಿಗೆ ನಟರು ವೇದಿಕೆಯ ಮೇಲೇ ಉಡುಪು ಹಾಕಿಸಿಕೊಳ್ಳುತ್ತಿದ್ದರು. ಹಾಕಿಕೊಳ್ಳುವುದಲ್ಲ, ಹಾಕಿಸಿಕೊಳ್ಳುವುದು! ಚಡ್ಡಿಯನ್ನು ಮೇಲಂಗಿಗೆ ಲಾಡಿಗಳಿಂದ ಕಟ್ಟಬೇಕು; ಸೊಂಟದ ಸುತ್ತ ಸಾಲು ತೂತುಗಳು, ಪ್ರತಿ ಲಾಡಿಯ ತುದಿಗೂ ಲೋಹದ ಮೊನೆ. ಬೆನ್ನ ಹಿಂದಿನದನ್ನು ಒಬ್ಬನೇ ಕಟ್ಟಿಕೊಳ್ಳಲು ಆಗದು. ಕಟ್ಟಿಸಿಕೊಂಡ ಮೇಲೆ ಬೆನ್ನು ಬಗ್ಗಿಸಿ ಜೋತುಬಿದ್ದು ಕೂರಲೂ ಆಗದು. ಶ್ರೀಮಂತರ ಆ ಠೀವಿಯಲ್ಲಿ ಲಾಡಿಗಳ ಪಾಲೂ ಇತ್ತು ಎಂದಾಯಿತು.

ಉಡುಪೇ ಉಳಿದಿಲ್ಲದಿದ್ದರೆ? ಆಗಲೂ ಕೈಪಿಡಿ ಬರೆಯಬಹುದು. ಆಗ್ಸ್‌ಬರ್ಗಿನಲ್ಲಿ ಫುಗ್ಗರ್ ಸಾಹುಕಾರರ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಮಥೇಯಸ್ ಷ್ವಾರ್ಟ್ಸ್ ಎಂಬಾತನಿಗೆ ಬಟ್ಟೆಯ ಹುಚ್ಚು. 1520ರಿಂದ 1560ರ ತನಕ ತಾನು ತೊಟ್ಟದ್ದನ್ನೆಲ್ಲ ಚಿತ್ರ ಬರೆಸಿ, ಪಕ್ಕದಲ್ಲಿ ವಿವರ ಬರೆದಿಟ್ಟ. ಅವನ ಒಂದು ದಾರವೂ ಉಳಿದಿಲ್ಲ. ಆದರೂ 1530ರಲ್ಲಿ ಆ ಊರಿನಲ್ಲಿ ಸಾಮ್ರಾಜ್ಯದ ಮಹಾಸಭೆ ಸೇರಿದಾಗ ಅವನು ತೊಟ್ಟಿದ್ದ ಕೆಂಪು–ಹಳದಿ ಉಡುಪನ್ನು ತಿರಮಾನಿ ಹೊಸದಾಗಿ ಹೊಲಿದರು. ಚಿತ್ರ, ಬರಹ, ಅದೇ ಕಾಲದ ಬೇರೆಯವರ ಉಳಿದ ಉಡುಪುಗಳ ಹೊಲಿಗೆ, ಈ ಮೂರನ್ನೂ ಹೆಣೆದು. 2015ರಲ್ಲಿ ಷ್ವಾರ್ಟ್ಸ್‌ನ ಪುಸ್ತಕದ ಹೊಸ ಆವೃತ್ತಿ ಬಂದಾಗ ಆ ಮರುಸೃಷ್ಟಿಯ ಕಥೆಯೂ ಅದರಲ್ಲಿ ಸೇರಿತು.

ಸರಿಯಾಗಿ ಅದೇ 1530ರ ದಶಕದಲ್ಲಿ ಲೇಪಾಕ್ಷಿಯ ವೀರಭದ್ರ ದೇವಾಲಯದ ಚಾವಣಿಯಲ್ಲಿ ಚಿತ್ರಗಳು ಮೂಡುತ್ತಿದ್ದವು. ವಿಜಯನಗರದ ಅಧಿಕಾರಿಗಳು ಸಾಲಾಗಿ ನಿಂತಿದ್ದಾರೆ. ಮೈಮೇಲೆ ತುಂಬುತೋಳಿನ ಉದ್ದ ಕಬಾಯಿ, ತಲೆಯ ಮೇಲೆ ಎತ್ತರದ ಕುಲ್ಲಾಯಿ. ತಿರುಮಲೆಯಲ್ಲಿ ಇಬ್ಬರು ರಾಣಿಯರೊಂದಿಗೆ ಕೈಮುಗಿದು ನಿಂತ ಕೃಷ್ಣದೇವರಾಯನ ಲೋಹದ ಪ್ರತಿಮೆಯ ತಲೆಯ ಮೇಲೂ ಅಂಥದೇ ಟೋಪಿ. 1520ರ ಸುಮಾರಿಗೆ ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್, ರಾಯ ಚಿನ್ನದ ಗುಲಾಬಿಗಳ ಕಸೂತಿಯಿದ್ದ ಬಿಳಿ ಬಟ್ಟೆ ಉಟ್ಟಿದ್ದನ್ನೂ, ಜರತಾರಿ ಟೋಪಿ ಇಟ್ಟಿದ್ದನ್ನೂ, ಬರಿಗಾಲಲ್ಲಿ ಇದ್ದದ್ದನ್ನೂ ಬರೆದಿದ್ದಾನೆ. ಟೋಪಿಗೆ ಅವನಿಗೆ ಹೊಳೆದ ಹೋಲಿಕೆ ತನ್ನ ಕಡೆಯ ಗಲೀಷಿಯಾದ ಶಿರಸ್ತ್ರಾಣದ್ದು. ಈ ಉಡುಪಿನ ಹಿಂದಿನ ರಾಜಕಾರಣದ ಬಗ್ಗೆ ಇತಿಹಾಸಕಾರ ಫಿಲಿಪ್ ವ್ಯಾಗನರ್ 1996ರಲ್ಲಿ ಬರೆದ ಲೇಖನ ವಿದ್ವಾಂಸರ ನಡುವೆ ಸಾಕಷ್ಟು ಚರ್ಚೆಯಾಗಿದೆ. ದರ್ಜಿಗಳ ನಡುವೆ ಆಗಿಲ್ಲ.

ಹಾಗಾಗಿ ನಮ್ಮ ಕೃಷ್ಣದೇವರಾಯ ಇನ್ನೂ ಕಂಪನಿ ನಾಟಕದ ಟ್ರಂಕಿನಿಂದಲೇ ಉಡುಪು ತೊಡುತ್ತಾನೆ. ಕಿರೀಟ, ಭುಜಕೀರ್ತಿ, ಹಿಂದೆ ಮಖಮಲ್ಲಿನ ಇಳಿಬಿಟ್ಟ ಮೇಲುವಸ್ತ್ರ. ಕಂಪನಿ ನಾಟಕದ ವೇಷಕ್ಕೆ ಅದರದೇ ಸೊಗಸಿದೆ, ಯಕ್ಷಗಾನದ ವೇಷಕ್ಕೆ ಇತಿಹಾಸದ ಹಂಗೇ ಇಲ್ಲ. ಅವನ್ನು ತಿದ್ದುವ ಮಾತು ಇದಲ್ಲ. ಆದರೆ ಇತಿಹಾಸ ತೋರಿಸುತ್ತೇವೆ ಎಂದು ಹೇಳಿಕೊಂಡೇ ಸಿನಿಮಾ, ಧಾರಾವಾಹಿ, ಸ್ತಬ್ಧಚಿತ್ರ ಮಾಡುವವರಿಗೆ ಕಿರೀಟದ ಬದಲು ಕುಲ್ಲಾಯಿ ಇಡಿ ಎಂದರೆ, ಇಡುತ್ತೇವೆ, ಹೊಲಿಯುವುದು ಹೇಗೆ ಹೇಳಿ ಅನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ಮೋತಿ ಚಂದ್ರ, ಘುರ್ಯೆ ಬರೆದ ಹಳೆಯ ಗ್ರಂಥಗಳಿವೆ, ರಂಗಭೂಮಿಗೆ ಉಡುಪು ಮಾಡಿಯೇ ಪಳಗಿದ ರೋಶನ್ ಅಲ್ಕಾಜಿ ಅವರ ‘ಏನ್ಶಿಯಂಟ್ ಇಂಡಿಯನ್ ಕಾಸ್ಟ್ಯೂಮ್’ ಇದೆ. ಯಾವ ಕಾಲದಲ್ಲಿ ಯಾವ ಆಕಾರ ಎಂಬುದಕ್ಕೆ ಅವು ಬಲು ಉಪಯುಕ್ತ. ಉಡುವ ಬಟ್ಟೆಯ ವಿಷಯ ಇನ್ನೂ ಸಲೀಸು. ಸೀರೆ ಉಡುವ ಬಗೆಗಳನ್ನು ಋತಾ ಕಪೂರ್ ಚಿಷ್ಟಿ ಊರೂರು ತಿರುಗಿ ದಾಖಲಿಸಿದ್ದಾರೆ. ಕಬಾಯಿಯಂಥ ಹೊಲಿದ ಉಡುಪಿಗೆ ಬೇಕಾದ ಚೌಕದ ಗೆರೆಯ ಪುಟ ನನ್ನ ಕಣ್ಣಿಗೆ ಬಿದ್ದಿಲ್ಲ.

ಕಬಾಯಿ ದೊಡ್ಡ ಕೆಲಸ. ತೋಳು ಎಲ್ಲಿ ಕೂರುತ್ತದೆ, ಕಂಕುಳಲ್ಲಿ ಚೌಕದ ತುಂಡು ಇತ್ತೇ, ಆಗಿನ ಹತ್ತಿಯ ಪನ್ನ ಎಷ್ಟು ಎಂದು ಒಂದೊಂದಕ್ಕೂ ಜಗಳವಾಡಬೇಕು. ಅಹಮದಾಬಾದಿನ ಕ್ಯಾಲಿಕೊ ಮ್ಯೂಸಿಯಂನಲ್ಲಿರುವಂಥ ನಂತರದ ಕಾಲದ ಜಾಮಾಗಳ ಕಟಿಂಗ್ ನೋಡಿ ಹಿಂದಕ್ಕೆ ಊಹಿಸಬೇಕು. ಆ ಊಹೆ ಊಹೆ ಎಂದೇ ಪುಟದಲ್ಲಿ ಕಾಣಬೇಕು. ಅದಕ್ಕೇ ಕುಲ್ಲಾಯಿಯಿಂದ ಶುರು ಮಾಡುವುದು ವಾಸಿ ಅನಿಸುತ್ತದೆ. ಅದಕ್ಕೆ ಮೂರು ಸಾಕ್ಷಿಗಳಿವೆ. ಸುತ್ತಲೂ ನೋಡಲು ತಿರುಮಲೆಯ ಪ್ರತಿಮೆ, ಬಣ್ಣಕ್ಕೆ ಲೇಪಾಕ್ಷಿ, ಬಟ್ಟೆ ಯಾವುದು ಎನ್ನಲು ಪಾಯೆಸ್. ಒಳಗೆ ಅದನ್ನು ನೆಟ್ಟಗೆ ನಿಲ್ಲಿಸಿದ್ದು ಏನು ಎಂಬುದಕ್ಕೆ ಮಾತ್ರ ಸಾಕ್ಷಿ ಇಲ್ಲ. ತೊಗಲು ಇಟ್ಟು ಒಂದು, ಗಂಜಿ ಹಾಕಿದ ಹತ್ತಿಯ ಪದರ ಇಟ್ಟು ಒಂದು, ಕಂಬಳಿಯ ತುಂಡು ಇಟ್ಟು ಒಂದು ಹೊಲಿಯಬೇಕು. ನಟನ ತಲೆಗೆ ಇಟ್ಟು, ಎರಡು ಗಂಟೆ ದೀಪದ ಕೆಳಗೆ ನಿಲ್ಲಿಸಿ, ದೇವರ ಮುಂದೆ ಬಗ್ಗುವಷ್ಟು ಬಗ್ಗಿಸಿ ಯಾವುದು ಜಾರಲಿಲ್ಲ, ಯಾವುದು ಮಡಚಿಕೊಂಡಿತು ಎಂದು ಬರೆದುಕೊಳ್ಳಬೇಕು. ಒಂದಕ್ಕೆ ಬೇಕಾಗುವ ಬಟ್ಟೆ ಮೀಟರಿಗಿಂತ ಕಡಿಮೆಯೇ. ಹಾಳಾದರೆ ಇನ್ನೊಂದು ಕತ್ತರಿಸಬಹುದು.